ಕರಾರಿನ ದನಿ

ಅತಿಮಧುರದ ಬೇರನ್ನು ಕಾಳುಮೆಣಸಿನ ಜೊತೆ ಕುದಿಸುವಾಗ ಏಳುವ ವಾಸನೆ ನನಗೆ ಐದನೇ ವಯಸ್ಸಿನಿಂದ ನೆನಪಿದೆ. ಅಪ್ಪ ಫೋನಾಫೀಸಿಗೆ ದನಿ ಕೊಡಲು ಹೋಗುವ ದಿನ ಅಮ್ಮ ಬೆಳಿಗ್ಗೆಯೇ ಹಿತ್ತಾಳೆ ಪಾತ್ರೆಯಲ್ಲಿ ಆ ಕಷಾಯ ಇಡುತ್ತಿದ್ದಳು. ಸಿಹಿಯೂ ಅಲ್ಲದ, ಖಾರವೂ ಅಲ್ಲದ, ಮೂಗಿನ ಹಿಂದೆ ಎಲ್ಲೋ ಹೋಗಿ ಕೂತುಬಿಡುವ ವಾಸನೆ. ಅಪ್ಪ ಎರಡು ಲೋಟ ಕುಡಿದು, ಕೊರಳಿಗೆ ಮಫ್ಲರ್ ಸುತ್ತಿಕೊಂಡು, ಮಧ್ಯಾಹ್ನದವರೆಗೆ ಯಾರೊಂದಿಗೂ ಮಾತಾಡದೆ ಕೂತಿರುತ್ತಿದ್ದರು. ನಾನೂ ನನ್ನಕ್ಕನೂ ಎದುರಿಗೆ ನಿಂತು ಅವರನ್ನು ನಗಿಸಲು ಏನೇನೋ ಚೇಷ್ಟೆ ಮಾಡುತ್ತಿದ್ದೆವು. "ಸುಮ್ನಿರ್ರೇ, ಮೂರು ವರ್ಷದ ದನಿ ಅದು" ಎಂದು ಅಮ್ಮ ಗದರುತ್ತಿದ್ದಳು.

ಈಗಲೂ ನಮ್ಮೂರಲ್ಲಿ ಹಾಗೇ. ಗೋಡೆಗೆ ಮೊಳೆ ಹೊಡೆದು ತಗಲಿಸಿದ ಫೋನುಗಳು ಹೋಗಿ ಕೈಯಲ್ಲಿ ಹಿಡಿಯುವ ಮೊಬೈಲುಗಳು ಬಂದವು, ಪದ್ಧತಿ ಮಾತ್ರ ಬದಲಾಗಲಿಲ್ಲ. ಕರಾರು ಮಾಡಿಕೊಳ್ಳುವ ಇಬ್ಬರು ಆಫೀಸಿನ ಕೌಂಟರಿನ ಮುಂದೆ ನಿಂತು ಒಂದೊಂದು ವಾಕ್ಯ ಹೇಳುತ್ತಾರೆ. ಅಲ್ಲಿಂದ ಮೂರು ವರ್ಷ, ಫೋನಿನಲ್ಲಿ ಒಬ್ಬರಿಗೆ ಇನ್ನೊಬ್ಬರ ದನಿ ಆ ದಿನ ಇದ್ದ ಹಾಗೆಯೇ ಕೇಳಿಸುತ್ತದೆ. ಮಾತು ಇವತ್ತಿನದು, ದನಿ ಅವತ್ತಿನದು. ಬಿಡಿ ಫೋನಿನಲ್ಲಿ ಹೀಗಿಲ್ಲ. ಮಾತಾಡಿದಷ್ಟು ನಿಮಿಷಕ್ಕೆ ಹಣ, ಮತ್ತು ಬಾಯಿಂದ ಹೊರಟ ದನಿ ಹೇಗಿದೆಯೋ ಹಾಗೆ.

ಇದಕ್ಕೆ ಜನ ತಮ್ಮ ತಮ್ಮ ರೀತಿಯಲ್ಲಿ ಹೊಂದಿಕೊಂಡಿದ್ದಾರೆ. ನೆಗಡಿಯಾದವರನ್ನು ಆಫೀಸಿನವರು ವಾಪಸು ಕಳಿಸುತ್ತಾರೆ. ಆದರೂ ತಪ್ಪುಗಳಾಗುತ್ತವೆ. ನಮ್ಮ ಬೀದಿಯ ಅಂಚೆಯಣ್ಣ ಶ್ಯಾಮರಾಯರು ದನಿ ಕೊಡುವ ದಿನ ಹೊರಗೆ ಯಾರೋ ಅವರ ಸೈಕಲ್ ಬೀಳಿಸಿದ್ದರು. ಆ ಸಿಟ್ಟಿನಲ್ಲೇ ಅವರು ವಾಕ್ಯ ಹೇಳಿ ಬಂದರು. ಅಳಿಯ ಹಬ್ಬಕ್ಕೆ ಕರೆದರೂ ಬೈದಂತೆ ಕೇಳಿಸುತ್ತದೆಂದು ಅವರ ಅತ್ತೆ ಮೂರು ವರ್ಷ ಬರಲಿಲ್ಲ. ಆಲೂಗಡ್ಡೆ ಮಂಡಿಯ ವೀರಭದ್ರ ಹನ್ನೆರಡನೇ ವಯಸ್ಸಿಗೆ ಮಾಡಿಸಿಕೊಂಡ ಕರಾರಿನಲ್ಲಿ, ಮೀಸೆ ಬಂದ ಮೇಲೂ, "ಮನೆಯಲ್ಲಿ ದೊಡ್ಡವರಿದ್ದರೆ ಕೊಡಪ್ಪ" ಎನ್ನಿಸಿಕೊಳ್ಳುತ್ತಿದ್ದ. ಮೊದಲ ಸಲ ಬಿಡಿಯಲ್ಲಿ ಕರೆ ಮಾಡುವವರು ಹೆಸರು, ಮನೆ ಹೇಳಿಯೇ ಮಾತು ಶುರುಮಾಡಬೇಕೆಂಬ ರೂಢಿ ಇದೆ. ಇಲ್ಲದಿದ್ದರೆ ಸ್ವಂತ ಮಗಳೇ ರಾಂಗ್ ನಂಬರ್ ಎಂದು ಇಟ್ಟುಬಿಡಬಹುದು.

ನನ್ನಕ್ಕನ ಹೆಸರು ಚಂಪಕ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಊರಿನ ನಡುವೆ ಹಿನ್ನೀರು ಇದೆ. ನಾನು ಈಚೆ ದಂಡೆಯಲ್ಲಿ, ಮೂವತ್ತೊಂದು ವರ್ಷ ಕೆಲಸ ಮಾಡಿದ ಪುರಸಭೆ ಲೈಬ್ರರಿಯ ಪಕ್ಕದಲ್ಲೇ ಒಂದು ಕೋಣೆ ಮಾಡಿಕೊಂಡಿದ್ದೇನೆ. ಮದುವೆಯಾಗಲಿಲ್ಲ, ಅದಕ್ಕೆ ವಿಶೇಷ ಕಾರಣವೂ ಇರಲಿಲ್ಲ. ಅಕ್ಕ ಆಚೆ ದಂಡೆಯಲ್ಲಿ ಮಗ, ಸೊಸೆ ವನಜಾಕ್ಷಿಯ ಜೊತೆ ಇದ್ದಾಳೆ. ದೋಣಿಯಲ್ಲಿ ಮುಕ್ಕಾಲು ಗಂಟೆ. ಮೂರು ವರ್ಷದ ಹಿಂದೆ ನಾವಿಬ್ಬರೂ ಜೋಡಿ ಕರಾರು ಮಾಡಿಸಿದೆವು. ಕೌಂಟರಿನಲ್ಲಿ ಮೊದಲು ನಾನು, "ನಾನು ಸೌದಾಮಿನಿ, ಬಿಎಸ್ಸಿ" ಎಂದೆ. ಡಿಗ್ರಿ ಯಾಕೆ ಸೇರಿಸಿದೆನೋ ನನಗೇ ಗೊತ್ತಿಲ್ಲ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ನಾನು ಇವಳಕ್ಕ, ಎಸ್ಸೆಲ್ಸಿ ಫೇಲು" ಎಂದಳು, ನಗುತ್ತಲೇ. ಆ ನಗು ದನಿಯ ಅಂಚಿಗೆ ಹಾಗೇ ಅಂಟಿಕೊಂಡಿತು. ಆಮೇಲೆ ಮೂರು ವರ್ಷ ಅವಳು ಏನು ಹೇಳಿದರೂ ನಗುತ್ತಾ ಹೇಳಿದಂತೆಯೇ ಕೇಳಿಸಿತು. ಭಾವನವರ ವರ್ಷಾಬ್ದಿಕದ ತಿಥಿಯನ್ನೂ ಹಾಗೇ ಹೇಳಿದಳು. ಮೊದಮೊದಲು ಕಸಿವಿಸಿಯಾಗುತ್ತಿತ್ತು. ಆಮೇಲೆ ಆ ನಗು ಇಲ್ಲದೆ ನನ್ನ ಸಂಜೆಗಳು ಮುಗಿಯುತ್ತಲೇ ಇರಲಿಲ್ಲ.

ಕಳೆದ ಚಳಿಗಾಲದಿಂದ ಒಂದು ವಿಷಯ ಗಮನಕ್ಕೆ ಬಂತು. ದನಿ ಅದೇ, ನಗುವೂ ಅದೇ. ಆದರೆ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ದೊಡ್ಡ ದೊಡ್ಡ ಖಾಲಿ ಜಾಗಗಳು ಬರತೊಡಗಿದವು. ಒಂದು ಸುದ್ದಿಗೆ ನಾಲ್ಕು ಬಾಲ ಕಟ್ಟಿ ಹೇಳುತ್ತಿದ್ದ ಅಕ್ಕ, "ಹೂಂ", "ಚೆನ್ನಾಗಿದೀನಿ", "ನೀನು ಹೇಳು" ಇಷ್ಟರಲ್ಲೇ ಮುಗಿಸುತ್ತಿದ್ದಳು. ಬರುತ್ತೇನೆ ಎಂದರೆ ಏನಾದರೊಂದು ಅಡ್ಡಿ ಹೇಳುತ್ತಿದ್ದಳು. ಮನೆಗೆ ಸುಣ್ಣ ಹೊಡೆಸುತ್ತಿದ್ದಾರೆ. ವನಜಾಕ್ಷಿಯ ತವರಿನವರು ಬಂದಿದ್ದಾರೆ. ದೋಣಿಕಟ್ಟೆಯ ಮೆಟ್ಟಿಲು ಜಾರುತ್ತದೆ, ನಿನ್ನ ಮಂಡಿಗೆ ಬೇಡ. ಅಷ್ಟು ಗೆಲುವಾದ ದನಿಯಲ್ಲಿ ಹೇಳಿದರೆ ಯಾರು ನಂಬುವುದಿಲ್ಲ? ಏಳು ತಿಂಗಳು ನಾನು ಹಿನ್ನೀರು ದಾಟಲಿಲ್ಲ.

ಕರಾರು ಮುಗಿಯುತ್ತದೆಂಬ ಚೀಟಿ ಬಂದ ದಿನ ಅಕ್ಕನಿಗೆ ಫೋನ್ ಮಾಡಿದೆ.

"ಇಬ್ಬರೂ ಹೋಗಿ ಹೊಸ ದನಿ ಕೊಟ್ಟು ಬರೋಣವೇನೇ? ಹೋಟೆಲಲ್ಲಿ ದೋಸೆ ತಿನ್ನಬಹುದು."

ಖಾಲಿ ಜಾಗ.

"ಬೇಡ" ಎಂದಳು ಅಕ್ಕ, ನಗುತ್ತಾ. "ಹಳೇದೇ ಮುಂದುವರಿಸು."

"ಮುದುಕಿಯರಾದೆವಲ್ಲೇ, ಇನ್ನೂ ಎಷ್ಟು ದಿನ ಹಳೇದು?"

ಮತ್ತೆ ಖಾಲಿ ಜಾಗ. ಈ ಸಲ ಎಷ್ಟು ಉದ್ದವಿತ್ತೆಂದರೆ ನಾನು ಫೋನನ್ನು ಕಿವಿಯಿಂದ ತೆಗೆದು ನೋಡಿದೆ.

"ದಾಮಿ, ನಿನ್ನ ಸಹಿ ಸಾಕು" ಎಂದಳು. "ಹಾಕಿ ಬಾ."

ಹಳೆ ದನಿಯನ್ನು ಇನ್ನೊಂದು ಅವಧಿಗೆ ಎಳೆಯಲು ಇಬ್ಬರಲ್ಲಿ ಒಬ್ಬರ ಸಹಿ ಸಾಕು ಎನ್ನುವುದು ನಿಜ. ಮರುದಿನ ಹತ್ತು ಗಂಟೆಗೆ ಫೋನಾಫೀಸಿಗೆ ಹೋದೆ. ಸಾಲಿನಲ್ಲಿ ನನ್ನ ಮುಂದೆ ಮೀನು ಮಾರುವ ಸುಕ್ರಮ್ಮ ಇದ್ದಳು. ನನ್ನ ಮಂಡಿ ನೋಡಿ ತನ್ನ ಖಾಲಿ ಬುಟ್ಟಿಯನ್ನು ಮಗುಚಿ ಹಾಕಿ, "ಕೂತ್ಕಳಿ ಅಮ್ಮಾ, ತೊಳ್ದಿದೀನಿ, ವಾಸ್ನೆ ಇಲ್ಲ" ಎಂದಳು. ವಾಸನೆ ಇತ್ತು, ಕೂತೆ.

"ನೀನು ಕರಾರೋ?" ಎಂದು ಕೇಳಿದೆ.

"ನಂಗ್ಯಾಕಮ್ಮಾ ಕರಾರು! ನನ್ ಗಂಡ ಕುಡ್ದಿದಾನೋ ಇಲ್ವೋ ಕರಾರಲ್ಲಿ ಹೆಂಗೆ ಗೊತ್ತಾಗ್ಬೇಕು? ಬಿಡಿ ಆದ್ರೆ 'ಹಲೋ' ಅಂದ್ರೆ ಸಾಕು, ಎಷ್ಟು ಕುಡ್ದಿದಾನೆ, ಯಾವ ಅಂಗ್ಡೀದು, ಎಲ್ಲಾ ಹೇಳ್ತೀನಿ."

ಸಾಲಿನವರೆಲ್ಲ ನಕ್ಕರು. ಕೌಂಟರಿನ ಹೊನ್ನಪ್ಪನೂ ನಕ್ಕ. ಹೊನ್ನಪ್ಪನಿಗೆ ಐವತ್ತರ ಹತ್ತಿರ. ಲೈಬ್ರರಿಯಿಂದ ಪತ್ತೇದಾರಿ ಪುಸ್ತಕ ಒಯ್ದು, ಹಿಂದಿರುಗಿಸುವಾಗ ಮುಂದಿನ ಓದುಗರಿಗಾಗಿ ಕೊಲೆಗಾರನ ಹೆಸರಿನ ಕೆಳಗೆ ಯಾರಾದರೂ ಗೀಟು ಹಾಕಿದ್ದರೆ ರಬ್ಬರಿನಿಂದ ಅಳಿಸಿ ಕೊಡುತ್ತಿದ್ದ ಮನುಷ್ಯ. ನನ್ನ ಸರದಿ ಬಂದಾಗ ಅವನಿಗೆ ಖಾಲಿ ಜಾಗಗಳ ವಿಷಯ ಹೇಳಿದೆ. ಲೈನಿನಲ್ಲಿ ಏನಾದರೂ ದೋಷವಿರಬಹುದೇ ಎಂದೆ.

ಅವನು ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟ. "ಮೇಡಂ, ನಮ್ಮ ಲೈನು ದನಿಯನ್ನ ಹಿಡಿದಿಡುತ್ತೆ. ಹೊತ್ತನ್ನ ಹಿಡಿದಿಡಲ್ಲ. ಅವರಿಗೆ ಒಂದು ಮಾತು ಆಡೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಮಗೆ ಕಾಯಿಸುತ್ತೆ."

"ಅಂದರೆ?"

"ಅಂದರೆ ನಾನೇನೂ ಹೇಳಲ್ಲ." ಖಾನೆಯಿಂದ ಉಗುರಿನಷ್ಟು ದೊಡ್ಡ ಸಿಮ್ ತೆಗೆದು ನನ್ನ ಮುಂದೆ ತಳ್ಳಿದ. "ಇದು ಬಿಡಿ ಸಿಮ್ಮು. ಒಂದು ದಿನದ ಮಟ್ಟಿಗೆ, ನಂಬರು ಬೇರೆ. ಇದರಲ್ಲಿ ಒಂದು ಸಲ ಮಾತಾಡಿ ನೋಡಿ. ನಾಳೆ ಕರಾರಿನ ಕೊನೇ ದಿನ. ಹಳೇದು ಮುಂದುವರಿಸ್ತೀನಿ ಅಂದರೆ ನಾಳೆ ಐದರೊಳಗೆ ಸಹಿ ಹಾಕಿ. ಇಲ್ಲಾಂದ್ರೆ ಆ ದನಿ ಹೋಯ್ತು, ಇಲ್ಲಿ ಯಾರೂ ಇಟ್ಟುಕೊಂಡಿರಲ್ಲ. ಅದು ಮಾತ್ರ ನೆನಪಿರಲಿ."

ಮನೆಗೆ ಬಂದು ಸಿಮ್ ಹಾಕಿದೆ. ಮಧ್ಯಾಹ್ನ ಹನ್ನೆರಡರ ಹೊತ್ತು. ಎರಡು ಸಲ ರಿಂಗಾಯಿತು. ಆಮೇಲೆ ಯಾರೋ ಎತ್ತಿದರು. ಯಾರೋ ಎಂದೇ ಅನ್ನಿಸಿದ್ದು. ಅಕ್ಷರಗಳೆಲ್ಲ ಒದ್ದೆ ಬಟ್ಟೆಗಳಂತೆ ಒಂದಕ್ಕೊಂದು ಅಂಟಿಕೊಂಡು, ಒಂದೊಂದನ್ನೂ ಬಿಡಿಸಲು ಹೆಣಗಿ ಹೊರಗೆ ಹಾಕುತ್ತಿದ್ದ ಒಂದು ಗಡಸು ದನಿ. ಅದರಲ್ಲಿ ನಗು ಇರಲಿಲ್ಲ. ಹೆಸರು, ಮನೆ ಹೇಳಬೇಕೆಂಬ ರೂಢಿ ನನಗೆ ಮರೆತೇಹೋಯಿತು. ಗಂಟಲಿನಿಂದ ಹೊರಟಿದ್ದು ಒಂದೇ ಮಾತು.

"ಕರಾರಿನ ವಿಷಯಕ್ಕೆ..."

ನನ್ನ ದನಿಯೂ ಮೂರು ವರ್ಷದ ಹಿಂದಿನದಲ್ಲ ಎನ್ನುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಕ್ಕನನ್ನು ನೋಡದ ಈ ತಿಂಗಳುಗಳಲ್ಲಿ ಹಲ್ಲೆಲ್ಲ ತೆಗೆಸಿ ಕಟ್ಟಿಸಿಕೊಂಡಿದ್ದೇನೆ. ಸೆಟ್ಟು ಸರಿಯಾಗಿ ಕೂರುವುದಿಲ್ಲ, ಮಾತಿನ ಜೊತೆ ಸೀಟಿಯೂ ಬರುತ್ತದೆ.

"ಆಫೀಸಿನಿಂದಲಾ?" ಎಂದಳು ಅಕ್ಕ. ಅವಳು ಹೇಳಿದ್ದು ಇಷ್ಟು ಸಲೀಸಾಗಿರಲಿಲ್ಲ. ಇಲ್ಲಿ ನಾನು ಬಿಡಿಸಿ ಬರೆಯುತ್ತಿದ್ದೇನೆ.

ನಾನು ಹೂಂ ಎಂದೆ. ಯಾಕೆ ಹಾಗೆಂದೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ.

"ನೋಡಮ್ಮಾ, ನನ್ನ ತಂಗಿ ಬಂದಿರಬೇಕು ಅಲ್ಲಿಗೆ. ಹಳೇ ದನಿಗೇ ಸಹಿ ಹಾಕಿಸಿಕೊಳ್ಳಿ. ಬೇರೆ ಏನೂ ಹೇಳಬೇಡಿ ಅವಳಿಗೆ."

"ಯಾಕಮ್ಮಾ?"

"ನನ್ನ ಮಾತು ಕೇಳಿಸ್ತಿದೆಯಲ್ಲ ನಿಮಗೆ? ಇನ್ನೇನು ಯಾಕೆ?" ಅಕ್ಕ ಉಸಿರೆಳೆದುಕೊಂಡಳು. "ಚಳಿಗಾಲದಲ್ಲಿ ಬಚ್ಚಲಲ್ಲಿ ಬಿದ್ದೆ. ಬಾಯಿ ಒಂದು ಕಡೆ ಹೋಗಿದೆ. ಎದುರಿಗೆ ಯಾರಾದರೂ ಇದ್ದರೆ ಊಟಾನೂ ಇಳಿಯಲ್ಲ. ಸೊಸೆ ಒಳ್ಳೆಯವಳು, ತಟ್ಟೆ ಇಟ್ಟು ಬಾಗಿಲು ಮುಂದೆ ಮಾಡಿಕೊಂಡು ಹೋಗ್ತಾಳೆ. ಇದನ್ನೆಲ್ಲ ಅವಳಿಗೆ ಕೇಳಿಸಬೇಕಾ? ಅವಳು ಒಬ್ಬಳೇ ಇರೋಳು. ಓದಿದಾಳೆ, ಧೈರ್ಯಸ್ಥೆ ಅಂತ ಜನ ಅಂದ್ಕೊಂಡಿದಾರೆ. ಗುಡುಗಿದರೆ ಈಗಲೂ ಕಿವಿ ಮುಚ್ಕೋತಾಳೆ."

ಇಷ್ಟು ಹೇಳಲು ಅವಳಿಗೆ ಆರೇಳು ನಿಮಿಷ ಹಿಡಿಯಿತು. ನಾನು ನಡುವೆ ಬಾಯಿ ಹಾಕಲಿಲ್ಲ. ಏನು ಹೇಳಿದರೂ ಸೀಟಿ ಬರುತ್ತಿತ್ತು.

"ಅವಳ ದನಿನೂ ನನಗೆ ಬೇಕು" ಎಂದಳು ಕೊನೆಗೆ. "ಬಿಎಸ್ಸಿ ಅಂದಾಗ ಎಷ್ಟು ಬಿಗುಮಾನ ಇತ್ತು ಅದರಲ್ಲಿ. ದಿನಾ ಸಾಯಂಕಾಲ ಅದನ್ನ ಕೇಳ್ತೀನಿ. ನೀವು ಚಿಕ್ಕವರೋ, ದೊಡ್ಡವರೋ ಗೊತ್ತಾಗ್ತಿಲ್ಲ. ಹಲ್ಲು ನೋವಾ ನಿಮಗೆ? ಬಿಸಿ ನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ. ಫೋನ್ ಇಡ್ತೀನಿ."

ಇಟ್ಟಳು. ನಾನು ಎದ್ದು ಅನ್ನಕ್ಕೆ ಇಟ್ಟೆ. ಆಮೇಲೆ ಒಲೆ ಆರಿಸಿ ಕೂತೆ.

ಕಿಟಕಿಯಾಚೆ ಲೈಬ್ರರಿಯ ಮೆಟ್ಟಿಲ ಮೇಲೆ ಕಾವಲುಗಾರ ತನ್ನ ಛತ್ರಿಯನ್ನು ಒಂದು ನಾಯಿಗೆ ಬಿಸಿಲು ಬೀಳದ ಹಾಗೆ ವಾಲಿಸಿ ಇಟ್ಟು ಒಳಗೆ ಹೋದ. ನಾನು ಅದನ್ನೇ ನೋಡುತ್ತಾ ವಿಷಯವನ್ನು ನೆಟ್ಟಗೆ ಯೋಚಿಸಲು ನೋಡಿದೆ. ಸಹಿ ಹಾಕಿದರೆ ಇನ್ನು ಮೂರು ವರ್ಷ ಅಕ್ಕ ನಗುತ್ತಾ ಮಾತಾಡುತ್ತಾಳೆ. ಅವಳಿಗೆ ಮೂರು ವರ್ಷ ಇದೆಯೋ ಇಲ್ಲವೋ ಯಾರು ಕಂಡವರು. ಇರುವಷ್ಟು ದಿನ ನನಗೆ ನೆಮ್ಮದಿ, ಅವಳಿಗೆ ಮರ್ಯಾದೆ. ಹಾಕದಿದ್ದರೆ ಆ ನಗು ನಾಳೆ ಐದು ಗಂಟೆಗೆ ಇಲ್ಲವಾಗುತ್ತದೆ. ಅವಳು ಕೇಳಲು ಕಾಯುವ ಬಿಎಸ್ಸಿಯ ದನಿಯೂ ಅದರ ಜೊತೆಗೇ ಹೋಗುತ್ತದೆ. ಹೀಗೆ ಮಾಡಿದೆನೆಂದು ಅವಳು ನನ್ನ ಕರೆ ಎತ್ತುವುದನ್ನೇ ಬಿಡಬಹುದು. ಅಕ್ಕನಿಗೆ ಹಟ ಜಾಸ್ತಿ. ಅಪ್ಪನ ಜೊತೆ ಒಮ್ಮೆ ಹನ್ನೊಂದು ತಿಂಗಳು ಮಾತು ಬಿಟ್ಟಿದ್ದಳು, ಒಂದೇ ಮನೆಯಲ್ಲಿದ್ದುಕೊಂಡು.

ಅವಳು ಹೇಳಿದಂತೆ ಮಾಡುವುದೇ ನ್ಯಾಯ ಅನ್ನಿಸಿತು. ಸಾಯಂಕಾಲದವರೆಗೂ ಹಾಗೇ ಅನ್ನಿಸುತ್ತಿತ್ತು. ಆದರೆ ನನಗೆ ನನ್ನ ಪರಿಚಯ ಸಾಕಷ್ಟಿದೆ. ಖಾಲಿ ಜಾಗಗಳು ಏಳು ತಿಂಗಳಿಂದ ಇದ್ದವು. ಅವು ನನಗೆ ಕೇಳಿಸಿರಲಿಲ್ಲವೆಂದಲ್ಲ. ದನಿ ಚೆನ್ನಾಗಿದೆಯಲ್ಲ ಎಂದುಕೊಂಡು ಮಂಡಿಗೆ ಎಣ್ಣೆ ಹಚ್ಚಿ ಮಲಗಿದ್ದೆ. ಸಹಿ ಹಾಕಿದರೆ ಇನ್ನೂ ಮೂರು ವರ್ಷ ನಾನು ದೋಣಿ ಹತ್ತುವುದಿಲ್ಲ. ಎಲ್ಲ ಗೊತ್ತಿದ್ದೂ ಹತ್ತುವುದಿಲ್ಲ.

ಮರುದಿನ ಆಫೀಸಿಗೆ ಹೋದಾಗ ಹೊನ್ನಪ್ಪ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟ. ಕರಾರಿನದು ಹಳದಿ, ಬಿಡಿಯದು ಬಿಳಿ. ನಾನು ಬಿಳಿಯದನ್ನು ಹತ್ತಿರ ಎಳೆದುಕೊಂಡೆ. ಅವನು ಪೆನ್ನು ಕೊಡುವ ಮುಂಚೆ, "ಬೇಕಿದ್ದರೆ ಕೊನೇ ಸಲ ಒಂದು ಕರೆ ಮಾಡಿಕೊಳ್ಳಿ ಮೇಡಂ. ಹಳೇ ಸಿಮ್ಮು ಇನ್ನೂ ಜೀವಂತ ಇದೆ" ಎಂದು ತಾನೇ ಎದ್ದು ಹಿಂದಿನ ಕೋಣೆಗೆ ಹೋಗಿ ಕಪಾಟಿನಲ್ಲಿ ಏನನ್ನೋ ಹುಡುಕುವವನಂತೆ ನಿಂತ.

ನಾನು ಕರೆ ಮಾಡಿದೆ.

"ಏನೇ ದಾಮಿ?" ಎಂದಳು ಅಕ್ಕ. ಸ್ಪಷ್ಟವಾದ, ನಗುವ ದನಿ.

"ಏನಿಲ್ಲ. ಸುಮ್ನೆ."

"ಸಹಿ?"

"ಆಫೀಸಲ್ಲೇ ಇದೀನಿ."

"ಹೂಂ" ಎಂದಳು. ಖಾಲಿ ಜಾಗ. "ಬಿಸಿಲು. ಛತ್ರಿ ತಂದಿದೀಯಾ?"

ತಂದಿದ್ದೇನೆ ಎಂದೆ. ತಂದಿರಲಿಲ್ಲ. ಫೋನಿಟ್ಟು ಬಿಳಿ ಕಾಗದಕ್ಕೆ ಸಹಿ ಹಾಕಿದೆ. ಹೊನ್ನಪ್ಪ ಹಿಂತಿರುಗಿ ಬಂದು, ಹಳೆ ಸಿಮ್ಮನ್ನು ತೆಗೆದು, ಅದನ್ನು ಕಸದ ಡಬ್ಬಿಗೆ ಹಾಕದೆ ನನ್ನ ಕಣ್ಣಿಗೆ ಕಾಣದ ಹಾಗೆ ಅಂಗೈಯಲ್ಲಿ ಮುಚ್ಚಿಕೊಂಡ. "ಹನ್ನೊಂದೂವರೆಗೆ ದೋಣಿ ಇದೆ" ಎಂದ. "ಮೆಟ್ಟಿಲಿಗೆ ಈಗ ಹಗ್ಗ ಕಟ್ಟಿದಾರೆ, ಹಿಡ್ಕೊಂಡು ಇಳೀಬಹುದು."

ಮೆಟ್ಟಿಲು ಅಕ್ಕ ಹೇಳಿದಷ್ಟು ಜಾರುತ್ತಿರಲಿಲ್ಲ. ದೋಣಿಯಲ್ಲಿ ಹೆಚ್ಚು ಜನವಿರಲಿಲ್ಲ. ನೀರು ಕಡಿಮೆಯಾಗಿ ನಡುವಿನ ಬಂಡೆಗಳು ಎದ್ದು ಕಾಣುತ್ತಿದ್ದವು. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಿದ್ದವು. ಏನು ಹೇಳಬೇಕೆಂದು ನಾಲ್ಕು ವಾಕ್ಯ ಸಿದ್ಧ ಮಾಡಿಕೊಂಡೆ. ಆಚೆ ದಂಡೆ ಸೇರುವ ಹೊತ್ತಿಗೆ ನಾಲ್ಕೂ ಸರಿಯಿಲ್ಲ ಅನ್ನಿಸಿತು.

ಬಾಗಿಲು ತೆಗೆದವಳು ವನಜಾಕ್ಷಿ. "ಚಿಕ್ಕತ್ತೆ, ನಿಮಗೆ ಹೇಳಬೇಡ ಅಂತ ಅತ್ತೆ ಆಣೆ ಹಾಕಿಸ್ಕೊಂಡಿದ್ರು" ಎಂದಳು ಮೆಲ್ಲಗೆ. ನಾನು ಅವಳ ತೋಳು ಮುಟ್ಟಿದೆ. ಕಾಲು ತೊಳೆಯಲು ನೀರು ಕೊಟ್ಟಳು. ನನ್ನ ಮಂಡಿ ಬಗ್ಗುವುದಿಲ್ಲವೆಂದು ತಿಳಿದು ತಾನೇ ಬಗ್ಗಿ ಹೊಯ್ದಳು.

ಅಕ್ಕ ಒಳಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಕುರ್ಚಿಯಲ್ಲಿದ್ದಳು. ತೆಳ್ಳಗಾಗಿದ್ದಳು. ಬಲಗೈ ಮಡಿಲಲ್ಲಿ, ಯಾರೋ ಅಲ್ಲಿಟ್ಟು ಮರೆತ ವಸ್ತುವಿನಂತೆ ಬಿದ್ದಿತ್ತು. ಹೆಜ್ಜೆಯ ಸದ್ದಿಗೆ ತಿರುಗಿದಳು. ತುಟಿಯ ಒಂದು ತುದಿ ಕೆಳಗಿಳಿದಿತ್ತು. ನನ್ನನ್ನು ಕಂಡದ್ದೇ ಸೆರಗಿನಿಂದ ಆ ಕಡೆಯನ್ನು ಮುಚ್ಚಿಕೊಂಡಳು.

"ಯಾ...ರು ಹೇ...ಳಿದ್ದು?" ಎಂದಳು. ಕಣ್ಣು ಬಾಗಿಲಲ್ಲಿದ್ದ ವನಜಾಕ್ಷಿಯ ಮೇಲೆ ಹೋಯಿತು.

"ಅವಳಲ್ಲ. ನೀನೇ. ನಿನ್ನೆ, ಫೋನಲ್ಲಿ."

ನನ್ನ ಹಲ್ಲಿನ ಸೆಟ್ಟು ಸೀಟಿ ಹೊಡೆಯಿತು. ಅಕ್ಕ ಸೆರಗನ್ನು ಸ್ವಲ್ಪ ಕೆಳಗಿಳಿಸಿ ನನ್ನ ಬಾಯನ್ನೇ ನೋಡಿದಳು.

"ಆಫೀ...ಸಿನವಳು?"

"ನಾನೇ."

"ಸಹಿ?"

"ಹಾಕಲಿಲ್ಲ ಅಕ್ಕ. ಹೋಯಿತು ಅದು. ಎರಡೂ."

ಅವಳು ಮುಖ ತಿರುಗಿಸಿ ಮತ್ತೆ ಕಿಟಕಿಯ ಕಡೆ ನೋಡತೊಡಗಿದಳು. ನಾನು ಮಂಚದ ಅಂಚಿನಲ್ಲಿ ಕೂತೆ. ಈಗ ಖಾಲಿ ಜಾಗಗಳಲ್ಲಿ ಏನೇನಿರುತ್ತದೆಂದು ನನಗೆ ಕಾಣುತ್ತಿತ್ತು. ಉಸಿರಾಟ, ನುಂಗುವುದು, ಎಡಗೈ ಬಲಗೈಯನ್ನು ಸರಿಯಾಗಿ ಇಡುವುದು. ಎಷ್ಟು ಹೊತ್ತಾಯಿತೋ. ಹಿತ್ತಿಲಲ್ಲಿ ಯಾರೋ ಬಟ್ಟೆ ಒಗೆದು ಮುಗಿಸಿದರು. ಅಕ್ಕ ಹೋಗು ಎನ್ನಲಿಲ್ಲ.

ಒಂದು ಗಂಟೆಗೆ ವನಜಾಕ್ಷಿ ತಟ್ಟೆ ತಂದಳು. ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ ತೊವ್ವೆ, ಮೇಲೊಂದು ಚಮಚ ತುಪ್ಪ. ಅಕ್ಕನ ಮುಂದಿನ ಸ್ಟೂಲಿನ ಮೇಲೆ ಇಟ್ಟು, ನನ್ನತ್ತ ನೋಡಿ, "ನಿಮಗೆ ಅಡುಗೆಮನೆಯಲ್ಲಿ ಬಡಿಸ್ತೀನಿ ಬನ್ನಿ" ಎಂದಳು. ದಿನವೂ ಬಾಗಿಲು ಮುಂದೆ ಮಾಡಿ ಹೋಗುವವಳು. ನಾನು ಏಳಲು ಮಂಚದ ಕಾಲು ಹಿಡಿದೆ.

ಅಕ್ಕ ಎಡಗೈಯಿಂದ ಸ್ಟೂಲನ್ನು ಎರಡು ಸಲ ತಟ್ಟಿದಳು, ಇಲ್ಲೇ ಎನ್ನುವಂತೆ. ನಾವಿಬ್ಬರೂ ಅವಳತ್ತ ನೋಡಿದೆವು. ಸೆರಗು ಮುಖದಿಂದ ಪೂರ್ತಿ ಜಾರಿತ್ತು, ಎತ್ತಿಕೊಳ್ಳಲಿಲ್ಲ. ತಟ್ಟೆಯ ಅಂಚು ಹಿಡಿದು ಎತ್ತಿದಳು. ಎಡಗೈಯಲ್ಲಿ ಊಟ ಕೊಟ್ಟರೆ ನಮ್ಮ ಅಮ್ಮ ಬೆರಳ ಗೆಣ್ಣಿಗೆ ಸೌಟಿನಲ್ಲಿ ಹೊಡೆಯುತ್ತಿದ್ದಳು. ಅಕ್ಕನಿಗೂ ಅದು ನೆನಪಾಗಿರಬೇಕು. ತಟ್ಟೆ ಅರ್ಧದಲ್ಲಿ ನಿಂತಿತು. ಆಮೇಲೆ ಅವಳು ಅದನ್ನು ಹಾಗೇ, ಎಡಗೈಯಲ್ಲೇ, ನನ್ನ ಕಡೆ ಚಾಚಿದಳು. ನಾನೂ ಎಡಗೈ ನೀಡಿ ತೆಗೆದುಕೊಂಡೆ.